ಲ್ಯಾಂಡ್‌ಸ್ಯಾಟ್ ಚಿತ್ರಸಂಗ್ರಹ: ಹತ್ತು ವರ್ಷ ಬಳಸಿದ ಮೇಲೆ

ನಮ್ಮ ನಾಲ್ಕು ಎಕರೆ ಹೊಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಹದಿನೆಂಟು ಚುಕ್ಕೆ. ಒಂದು ಚುಕ್ಕೆಗೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಗುಂಟೆ. ಬಾವಿ, ಬದುವಿನ ಬೇವಿನ ಮರ ಕಾಣಬೇಕೆನ್ನುವವರು ಇತ್ತ ಬರಬೇಡಿ. ನಾನು ಬಂದದ್ದು ಬೇರೆ ದಾರಿ ಇಲ್ಲದೆ. ಬಾಗಲಕೋಟೆಯ ಹತ್ತಿರದ ಆ ಹೊಲ ಇಪ್ಪತ್ತು ವರ್ಷಗಳಿಂದ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಮುಳುಗುವ ಮೊದಲು ಅದು ಹೇಗಿತ್ತೆಂದು ತೋರಿಸುವ ಫೋಟೊ ಮನೆಯಲ್ಲಿ ಒಂದೂ ಇಲ್ಲ.

ಅಮೆರಿಕದ ಈ ಉಪಗ್ರಹ ಸರಣಿ 1972ರಿಂದ ನೆಲ ನೋಡುತ್ತಿದೆ. ಹಿಂದೆ ಒಂದೊಂದು ಚಿತ್ರಕ್ಕೂ ನೂರಾರು ಡಾಲರ್ ತೆರಬೇಕಿತ್ತು. 2008ರಲ್ಲಿ ಸಂಗ್ರಹವನ್ನು ಉಚಿತ ಮಾಡಿದ್ದರಿಂದ ನನ್ನಂಥವನಿಗೂ ಬಾಗಿಲು ತೆರೆಯಿತು. ನನ್ನ ಪಾಲಿನ ದೇವರು ಐದನೆಯ ಉಪಗ್ರಹ. ಮೂರು ವರ್ಷ ಬಾಳಲೆಂದು 1984ರಲ್ಲಿ ಹಾರಿಸಿದ್ದು 2013ರಲ್ಲಿ ನಿವೃತ್ತಿಯಾಯಿತು. ಅಣೆಕಟ್ಟೆ ತುಂಬುವ ಮುಂಚಿನ ನನ್ನ ಚಿತ್ರ ಅದರದ್ದೇ.

ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೆಂಪು ಬಣ್ಣದಲ್ಲಿ ತೋರಿಸಿದರೆ ಬೆಳೆ ಕೆಂಪಗೆ, ನೀರು ಕಪ್ಪಗೆ ಕಾಣುತ್ತದೆ. ಅವ್ವನಿಗೆ ತೋರಿಸಿದೆ. "ಇದೇನಪ್ಪಾ, ನಮ್ಮದು ಎರೆ ಹೊಲ, ಕೆಂಪಗೇಕಿದೆ?" ಎಂದರು. ವಿವರಿಸುವಷ್ಟರಲ್ಲಿ ಘಟಪ್ರಭೆಯ ತಿರುವಿನಿಂದ ಬೆರಳು ಜರುಗಿಸಿ ಒಂದು ಕಡೆ ನಿಲ್ಲಿಸಿದರು. ಹಳೆಯ ಸರ್ವೆ ನಕ್ಷೆಯನ್ನು ಕೂಡಿಸಿ ನಾನು ಎರಡು ರಾತ್ರಿ ಹುಡುಕಿದ್ದ ಜಾಗ ಅದು.

ತಕರಾರುಗಳೂ ಇವೆ. ಕೃಷ್ಣೆಗೆ ನೀರು ಏರುವುದು ಜುಲೈ, ಆಗಸ್ಟ್‌ನಲ್ಲಿ. ಮೋಡ ಕವಿಯುವುದೂ ಆಗಲೇ. ಒಂದು ಉಪಗ್ರಹ ಮತ್ತೆ ಅದೇ ಜಾಗಕ್ಕೆ ಬರಲು 16 ದಿನ. ಈಗ ಎರಡಿರುವುದರಿಂದ 8 ದಿನ. ಆದರೂ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬರೀ ಹತ್ತಿಯ ರಾಶಿ. ಏಳನೆಯ ಉಪಗ್ರಹದ ಒಂದು ಭಾಗ 2003ರ ಮೇ ತಿಂಗಳಲ್ಲಿ ಕೆಟ್ಟಿತು. ಅಲ್ಲಿಂದ ಮುಂದಿನ ಅದರ ಚಿತ್ರಗಳಲ್ಲೆಲ್ಲ ಖಾಲಿ ಪಟ್ಟೆಗಳು, ಸುಮಾರು 22 ಶೇಕಡಾ ನೆಲ ಮಾಯ. ನಮ್ಮ ಹೊಲ ಹಲವು ಸಲ ಪಟ್ಟೆಯೊಳಗೇ ಸಿಕ್ಕಿದೆ, ಹಣೆಬರಹ. ಐದನೆಯದು ಅಷ್ಟರಲ್ಲಿ ಕೈಕೊಟ್ಟಿದ್ದರಿಂದ 2011ರ ಕೊನೆಯಿಂದ 2013ರ ಆರಂಭದವರೆಗೆ ಈ ಪಟ್ಟೆಯ ಚಿತ್ರಗಳೇ ಗತಿ.

ಯುರೋಪಿನ ಸೆಂಟಿನೆಲ್-2 ಬಳಸು ಎಂದು ಗೆಳೆಯರು ಹೇಳುತ್ತಾರೆ. 10 ಮೀಟರ್‌ನ ಚುಕ್ಕೆ, ಐದು ದಿನಕ್ಕೊಮ್ಮೆ ಚಿತ್ರ. ಇಂದಿನ ಬೆಳೆ ನೋಡುವವರಿಗೆ ನಿಜಕ್ಕೂ ಅದೇ ಮೇಲು. ಆದರೆ ಅದು ಹಾರಿದ್ದು 2015ರಲ್ಲಿ. ಅಷ್ಟರಲ್ಲಿ ನಮ್ಮ ಹೊಲದಲ್ಲಿ ಮೀನು ಓಡಾಡುತ್ತಿತ್ತು.

ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಮಾರ್ಚ್‌ನ ಚಿತ್ರದಲ್ಲಿ ಹಿನ್ನೀರು ಇಳಿದು, ಹದಿನೆಂಟರಲ್ಲಿ ಐದು ಚುಕ್ಕೆಗಳು ಕೆಂಪಾಗಿದ್ದವು. "ಯಾರು ಬಿತ್ತಿದ್ದಾರೆ?" ಎಂದು ಅವ್ವ ಕೇಳಿದರು.