ಮೋಟಾರಿಗೆ ಸುರಿದ ಹಣ, ಕೇಬಲ್ಲಿನಲ್ಲಿ ಉಳಿಸಿದ ಹಣ

ಕೊಳವೆಬಾವಿಗೆ ಹೊಸದಾಗಿ ಮೋಟಾರು ಇಳಿಸಬೇಕೆಂದಿರುವ ರೈತರು ಅಂಗಡಿಗೆ ಹೋಗುವ ಮೊದಲು ನನಗಾದ ನಷ್ಟದ ಈ ವಿವರವನ್ನು ಓದಬೇಕೆಂದು ಕೋರುತ್ತೇನೆ. ಅಗ್ಗದ ಮಾಲಿಗೆ ಮರುಳಾಗಿ ಕೆಟ್ಟವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ನನ್ನದು ಪೂರ್ತಿ ಆ ಜಾತಿಯದಲ್ಲ. ಮುಂದೆ ಖರ್ಚು ಬರಬಾರದೆಂದು ಮೊದಲೇ ಹೆಚ್ಚು ಹಣ ಕೊಟ್ಟವನು ನಾನು. ಆದರೆ ಆ ಹೆಚ್ಚಿನ ಹಣವನ್ನು ಕಣ್ಣಿಗೆ ಕಾಣುವ ವಸ್ತುವಿಗೆ ಸುರಿದು, ನೆಲದೊಳಗೆ ಇಳಿದು ಮರೆಯಾಗುವ ವಸ್ತುವಿನಲ್ಲಿ ಕೈ ಬಿಗಿ ಹಿಡಿದೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಸೀಮೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಸುಮಾರು 1,100 ಮರ. 2022ರ ಜೂನ್‌ನಲ್ಲಿ ಕೊರೆಸಿದ ಬೋರು 612 ಅಡಿಗೆ ನಿಂತು, ಎರಡು ಇಂಚು ನೀರು ಬಂತು. 540 ಅಡಿಗೆ ಮೋಟಾರು ಇಳಿಸುವುದೆಂದು ತೀರ್ಮಾನವಾಯಿತು. ಅಂದರೆ 20 ಅಡಿ ಉದ್ದದ 27 ಜಿಐ ಪೈಪು, ಬೋರಿನ ಬಾಯಿಯಿಂದ ಪಂಪ್‌ಹೌಸಿನವರೆಗಿನ ದೂರವೂ ಸೇರಿ 180 ಮೀಟರ್ ಕೇಬಲ್ಲು. ಏಳೂವರೆ ಎಚ್‌ಪಿ ಮೋಟಾರು, ಪಂಪು ಎರಡೂ ಸೇರಿ 36,000 ರೂಪಾಯಿಗೆ ಸಿಗುತ್ತಿದ್ದರೂ, ಹತ್ತು ವರ್ಷ ತಿರುಗಿ ನೋಡುವಂತಿರಬಾರದು ಎಂಬ ಭಾವನವರ ಮಾತು ಕೇಳಿ 52,000 ರೂಪಾಯಿ ಕೊಟ್ಟು ಹೆಸರಾಂತ ಕಂಪನಿಯದನ್ನೇ ಕೊಂಡೆ. ಆ ತೀರ್ಮಾನದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ತಪ್ಪಾದದ್ದು ಅದರ ಮುಂದಿನ ಐದು ನಿಮಿಷದಲ್ಲಿ. ಮೋಟಾರಿಗೆ ಲೆಕ್ಕಕ್ಕಿಂತ ಹೆಚ್ಚು ಹಣ ಹೋಗಿದ್ದರಿಂದ ಉಳಿದದ್ದರಲ್ಲಿ ಸ್ವಲ್ಪ ಹಿಡಿಯೋಣ ಎನ್ನಿಸಿತು. ನಾಲ್ಕು ಎಂಎಂ (ಅಂದರೆ ತಂತಿಯ ಅಡ್ಡಕೊಯ್ತ ನಾಲ್ಕು ಚದರ ಮಿಲಿಮೀಟರ್) ಕೇಬಲ್ಲಿಗೆ ಮೀಟರಿಗೆ 118 ರೂಪಾಯಿಯದೊಂದು, 64 ರೂಪಾಯಿಯದೊಂದು ಎರಡು ಸುರುಳಿಗಳನ್ನು ಅಂಗಡಿಯವರು ಮುಂದಿಟ್ಟರು. ವ್ಯತ್ಯಾಸವೇನೆಂದು ಕೇಳಿದ್ದಕ್ಕೆ, “ಹೆಸರಿಗೆ ದುಡ್ಡು ಯಜಮಾನ್ರೇ, ಒಳಗಿರೋದು ಎರಡರಲ್ಲೂ ಒಂದೇ” ಎಂದರು. ತುದಿಯಲ್ಲಿ ಇಣುಕುತ್ತಿದ್ದ ಎಳೆಗಳು ಕೆಂಪಗೆ ತಾಮ್ರದಂತೆಯೇ ಇದ್ದವು. ಕೇಬಲ್ಲಿನಲ್ಲಿ 9,720 ರೂಪಾಯಿ ಉಳಿಯಿತು. ಸ್ಟಾರ್ಟರಿನ ವಿಷಯದಲ್ಲಿಯೂ ಹಾಗೆಯೇ ಮಾಡಿದೆ: ಒಂದು ಫೇಸ್ ಹೋದರೆ, ವೋಲ್ಟೇಜ್ ಇಳಿದರೆ ಅಥವಾ ಬೋರಿನಲ್ಲಿ ನೀರು ಕಡಿಮೆಯಾದರೆ ತಾನಾಗಿ ನಿಲ್ಲಿಸುವ ಪ್ಯಾನಲ್ಲಿಗೆ 9,000 ಹೇಳಿದರು, ನಾನು 4,500ರ ಸಾದಾ ಸ್ಟಾರ್ಟರನ್ನೂ ಅದಕ್ಕೆ ಕರೆಂಟು ಬಂದ ಕೂಡಲೇ ಮೋಟಾರನ್ನು ತಾನಾಗಿ ಹೊರಡಿಸುವ ಒಂದು ಆಟೋ ಸ್ವಿಚ್ಚನ್ನೂ ಹಾಕಿಸಿದೆ. ಒಟ್ಟು 14,220 ರೂಪಾಯಿ ಉಳಿಸಿದ ಸಂತೋಷದಲ್ಲಿ ಮನೆಗೆ ಬಂದೆ. ಮೋಟಾರಿಗೆ ಪಕ್ಕಾ ಬಿಲ್ಲಿತ್ತು. ಕೇಬಲ್ಲಿಗೆ “ಕೇಬಲ್ 180 ಮೀ” ಎಂದು ಬರೆದ ಒಂದು ಬಿಳಿ ಚೀಟಿ ಮಾತ್ರ ಇತ್ತು.

ಹತ್ತು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. 2023ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಸ್ಟಾರ್ಟರಿನ ಗುಂಡಿಯನ್ನು ಎಷ್ಟು ಒತ್ತಿದರೂ ನಿಲ್ಲದೆ ತಾನಾಗಿ ಆಫ್ ಆಗತೊಡಗಿತು. ಗಾಡಿ ಕರೆಸಿ 27 ಪೈಪುಗಳನ್ನೂ ಎತ್ತಿಸಿ ನೋಡಿದರೆ ಮೋಟಾರಿನೊಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗ್, ಸುಟ್ಟು ಕರಕಲಾಗಿತ್ತು. ವಾರಂಟಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಮೋಟಾರನ್ನು ಹೊತ್ತು ಡೀಲರರ ಬಳಿಗೆ ಹೋದೆ. ಅವರು ಬಿಚ್ಚಿ ನೋಡಿ, ಇದು ಕಡಿಮೆ ವೋಲ್ಟೇಜಿನಿಂದ ಸುಟ್ಟದ್ದು, ತಯಾರಿಕೆಯ ದೋಷವಲ್ಲ ಎಂದು ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣಕ್ಷರದ ಷರತ್ತನ್ನು ತೋರಿಸಿದರು. ಆ ಷರತ್ತು ಅಲ್ಲಿತ್ತೆಂಬುದು ನಿಜ, ನಾನು ಓದಿರಲಿಲ್ಲವೆಂಬುದೂ ನಿಜ. ಎತ್ತಿ ಇಳಿಸಿದ್ದಕ್ಕೆ 6,500, ರೀವೈಂಡಿಂಗಿಗೆ 9,500 ರೂಪಾಯಿ ತೆತ್ತು, ಕರೆಂಟನ್ನು ಶಪಿಸುತ್ತ, ಅದೇ ಕೇಬಲ್ಲಿಗೆ ಅದೇ ಮೋಟಾರನ್ನು ಕಟ್ಟಿ ಮತ್ತೆ ಇಳಿಸಿದೆ. ಈ ಎರಡನೆಯ ತಪ್ಪಿಗೆ ಅಂಗಡಿಯವರನ್ನು ದೂರುವಂತಿಲ್ಲ.

ಆ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದು ಎಲ್ಲರಿಗೂ ನೆನಪಿದೆ. ಅದರ ಮರುಬೇಸಿಗೆ, 2024ರ ಮಾರ್ಚ್‌ನಲ್ಲಿ, ಹಿಂಗಾರ (ಅಡಿಕೆಯ ಹೂಗೊಂಚಲು) ಒಡೆದು ಮರದಲ್ಲಿ ಹರಳು (ಎಳೆಯ ಕಾಯಿ) ಕಟ್ಟುತ್ತಿದ್ದ ಹೊತ್ತಿಗೆ ಮೋಟಾರು ಎರಡನೆಯ ಬಾರಿ ಸುಟ್ಟಿತು. ಸುತ್ತಲಿನ ಹಳ್ಳಿಗಳ ಬೋರುಗಳೆಲ್ಲ ತೊಂದರೆಯಲ್ಲಿದ್ದ ಕಾಲವದು. ಪೈಪು ಎತ್ತುವ ಗಾಡಿ ಸಿಗುವುದಕ್ಕೇ ಮೂರು ದಿನವಾಯಿತು, ವೈಂಡಿಂಗ್ ಅಂಗಡಿಯಲ್ಲಿ ನಮ್ಮ ಮೋಟಾರಿನ ಮುಂದೆ ಹದಿನಾರು ಮೋಟಾರುಗಳು ಸಾಲಾಗಿ ಮಲಗಿದ್ದವು. ಹನ್ನೆರಡು ದಿನ ತೋಟಕ್ಕೆ ಬೋರಿನ ನೀರಿಲ್ಲ. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ ಹದಿನೆಂಟು ಲೀಟರಿನಂತೆ ಹಿಡಿದರೂ ನಮ್ಮ ತೋಟಕ್ಕೆ ಸುಮಾರು 20,000 ಲೀಟರ್ ಬೇಕು. 5,000 ಲೀಟರಿನ ಟ್ಯಾಂಕರಿಗೆ 900 ರೂಪಾಯಿಯಂತೆ ಹನ್ನೊಂದು ಟ್ಯಾಂಕರ್ ಹೊಡೆಸಿದೆ. ಲೆಕ್ಕ ಹಾಕಿದರೆ ಅದು ಮೂರು ದಿನದ ನೀರೂ ಅಲ್ಲ. ಬೆಳಗಾಗೆದ್ದು ತೋಟಕ್ಕೆ ಹೋದರೆ ಬುಡದಲ್ಲಿ ಹಸಿರು ಹರಳು ಚೆಲ್ಲಿರುತ್ತಿತ್ತು. ಉದುರಿದ ಹರಳಿನ ಬೆಲೆಯನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸುವ ಧೈರ್ಯವೂ ಇಲ್ಲ.

ಕಾರಣ ತಿಳಿದದ್ದು ಆ ವೈಂಡಿಂಗ್ ಅಂಗಡಿಯಲ್ಲಿ. ಅಲ್ಲಿನ ಹಿರಿಯರು ಮೋಟಾರನ್ನು ಮುಟ್ಟುವ ಮೊದಲು, ಅದಕ್ಕೆ ಅಂಟಿಕೊಂಡೇ ಬಂದಿದ್ದ ಎರಡಡಿ ಕೇಬಲ್ಲಿನ ತುದಿಯನ್ನು ಸುಲಿದು, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನನ್ನ ಕೈಗಿಟ್ಟರು. ಕೆಂಪಿನ ಕೆಳಗೆ ಬೆಳ್ಳಗಿತ್ತು. ಆಮೇಲೆ ಲೈಟರ್ ಹಚ್ಚಿ ಆ ಎಳೆಯನ್ನು ಬೆಂಕಿಗೆ ಹಿಡಿದರು. ಅದು ಬಾಡಿದ ಬಳ್ಳಿಯಂತೆ ಬಾಗಿ ತುಂಡಾಯಿತು. “ಮೋಟಾರಿಂದು ಏನೂ ತಪ್ಪಿಲ್ಲ ಸ್ವಾಮಿ, ಹೊಟ್ಟೆಗೆ ಹಾಕದೆ ದುಡಿಸಿದೀರಿ” ಎಂದರು. ತಾಮ್ರದ ತೆಳುಲೇಪವಿರುವ ಅಲ್ಯೂಮಿನಿಯಂ ಅದು. ವ್ಯಾಪಾರದವರು ಅದನ್ನು ಸಿಸಿಎ ಎಂದು ಕರೆಯುತ್ತಾರೆ.

ಅವರ ಮಾತಿನ ಅರ್ಥವನ್ನು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಇಂಥ ತಂತಿಯ ವಿದ್ಯುತ್ ತಡೆ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು. ಆದ್ದರಿಂದ ಮೇಲೆ ನಾಲ್ಕು ಎಂಎಂ ಎಂದು ಅಚ್ಚಾಗಿದ್ದರೂ ಅದು ಎರಡೂವರೆ ಎಂಎಂ ತಾಮ್ರದಷ್ಟೇ ಕೆಲಸ ಮಾಡುತ್ತದೆ. ಮೋಟಾರಿನ ಫಲಕದ ಮೇಲಿರುವುದು 415 ವೋಲ್ಟ್, 15.5 ಆಂಪಿಯರ್. ನಮ್ಮ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಲೈನಿನ ಕೊನೆಯಲ್ಲಿರುವುದರಿಂದ ಮೋಟಾರು ಓಡುವಾಗ ಸ್ಟಾರ್ಟರಿನ ಬಳಿಯೇ 352 ವೋಲ್ಟ್ ಇರುತ್ತದೆ. ವೋಲ್ಟೇಜ್ ಇಳಿದಷ್ಟೂ ಅದೇ ಕೆಲಸ ಮಾಡಲು ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ನಮ್ಮದು 18 ಎಳೆಯುತ್ತಿತ್ತು. 180 ಮೀಟರ್ ಉದ್ದದ ಆ ಕೇಬಲ್ಲಿನಲ್ಲಿ 18 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 38 ವೋಲ್ಟ್ ಕಳೆದುಹೋಗುತ್ತದೆ. ಅಂದರೆ 540 ಅಡಿ ಕೆಳಗಿದ್ದ ಮೋಟಾರಿಗೆ ತಲುಪುತ್ತಿದ್ದದ್ದು 315 ವೋಲ್ಟಿನ ಆಸುಪಾಸು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ವೋಲ್ಟೇಜ್ ಕಾಲು ಭಾಗ ಕಡಿಮೆಯಾದರೆ ಬಲ ಅರ್ಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಒಳಗೆ ನೀರು ತುಂಬಿಸಿ ಇಳಿಸುವ ಇಂಥ ಮೋಟಾರುಗಳ ವೈಂಡಿಂಗ್ ತಂತಿಗಿರುವುದು ಪ್ಲಾಸ್ಟಿಕ್ಕಿನ ಹೊದಿಕೆ. ದಿನವೂ ಮಿತಿಮೀರಿ ಕಾಯ್ದರೆ ಅದು ಮೆತ್ತಗಾಗಿ ಒಂದು ದಿನ ಬಿಟ್ಟುಕೊಡುತ್ತದೆ. ಆಟೋ ಸ್ವಿಚ್ಚು ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಟ್ಟಿತ್ತು: ತ್ರೀಫೇಸ್ ಬಂದ ಕೂಡಲೇ ಅದೇ ಟಿ.ಸಿ.ಯ ಮೋಟಾರುಗಳೆಲ್ಲ ಒಟ್ಟಿಗೆ ಹೊರಡುವ ಆ ಕ್ಷಣದಲ್ಲಿ ವೋಲ್ಟೇಜ್ ಪಾತಾಳಕ್ಕೆ ಇಳಿದಿರುತ್ತದೆ, ಅದೇ ಕ್ಷಣದಲ್ಲಿ ನನ್ನದೂ ಹೊರಡುತ್ತಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಆ ಕೇಬಲ್ಲು ಬಿಸಿಯಾಗುವುದರಲ್ಲೇ ಸುಮಾರು 1.4 ಕಿಲೋವಾಟ್ ವ್ಯರ್ಥವಾಗುತ್ತಿತ್ತು; ಏಳು ಗಂಟೆ ಓಡಿಸಿದರೆ ದಿನಕ್ಕೆ ಹತ್ತಿರ ಹತ್ತಿರ 10 ಯೂನಿಟ್. ಮನೆಯ ಮೀಟರಿನಲ್ಲಿ ಹೀಗೇನಾದರೂ ಆಗಿದ್ದರೆ ಮೊದಲನೆಯ ತಿಂಗಳ ಬಿಲ್ಲಿನಲ್ಲಿಯೇ ನಾನು ಬೆಚ್ಚಿ ಕಾರಣ ಹುಡುಕುತ್ತಿದ್ದೆ. ಆದರೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಬಿಲ್ಲು ಬರದಿದ್ದುದರಿಂದ ನಷ್ಟ ಆಗುತ್ತಿಲ್ಲವೆಂದು ನಾನು ತಿಳಿದೆ. ಉಚಿತ ವಿದ್ಯುತ್ತಿನ ವಿರುದ್ಧ ನಾನು ಮಾತನಾಡುತ್ತಿಲ್ಲ. ಅದಿಲ್ಲದೆ ನನ್ನಂಥವನ ತೋಟ ಉಳಿಯುವುದಿಲ್ಲ. ಬಿಲ್ಲಿನಲ್ಲಿ ಬಾರದ ಆ ಯೂನಿಟ್ಟುಗಳು ವೈಂಡಿಂಗ್ ಅಂಗಡಿಯಲ್ಲಿ ನನ್ನಿಂದ ವಸೂಲಾದವು ಎಂದಷ್ಟೇ ಹೇಳುತ್ತಿದ್ದೇನೆ.

ಎರಡನೆಯ ಬಾರಿ ಎತ್ತಿ ಇಳಿಸಲು 7,000, ವೈಂಡಿಂಗಿಗೆ 11,000, ಟ್ಯಾಂಕರಿಗೆ 9,900. ಮೊದಲ ಬಾರಿಯ 16,000 ಸೇರಿದರೆ ಒಟ್ಟು 43,900 ರೂಪಾಯಿ. ಉಳಿಸಿದ್ದು 14,220. ಇದಾದ ಮೇಲೆ ಆರು ಎಂಎಂ ಶುದ್ಧ ತಾಮ್ರದ ಕೇಬಲ್ಲಿಗೆ ಮೀಟರಿಗೆ 185ರಂತೆ 33,300 ಕೊಟ್ಟು ಹಾಕಿಸಿದೆ, ಆ 9,000ದ ಪ್ಯಾನಲ್ಲನ್ನೂ ತಂದೆ. ಅದರ ಬೆಲೆ ಆಗ 10,400 ಆಗಿತ್ತು. ಈಗ ಅದೇ 350 ವೋಲ್ಟಿನಲ್ಲಿ ಮೋಟಾರು 16 ಆಂಪಿಯರ್ ಎಳೆಯುತ್ತದೆ, ಕೇಬಲ್ಲಿನಲ್ಲಿ ಕಳೆಯುವುದು 14 ವೋಲ್ಟ್. ನಮ್ಮ ಲೈನಿನ ವೋಲ್ಟೇಜ್ ಸುಧಾರಿಸಿಲ್ಲ, ಸುಧಾರಿಸುವ ಲಕ್ಷಣವೂ ಇಲ್ಲ. ಆದರೂ ಮೋಟಾರು ಆ ಬಳಿಕ ಮೇಲೆ ಬಂದಿಲ್ಲ.

ಕೇಬಲ್ಲು ಕೊಳ್ಳುವವರು ಅಂಗಡಿಯಲ್ಲಿಯೇ ಒಂದು ಎಳೆಯನ್ನು ಕೆರೆದು ನೋಡಬೇಕು. ಕೆರೆಯಲು ಬಿಡದ ಅಂಗಡಿಯಿಂದ ಎದ್ದು ಬರಬೇಕು. ಲೈಟರಿನ ಬೆಂಕಿಗೆ ತಾಮ್ರದ ಎಳೆ ಕೆಂಪಗಾದೀತೇ ಹೊರತು ಕರಗುವುದಿಲ್ಲ, ಏಕೆಂದರೆ ಅದು ಕರಗಲು 1,085 ಡಿಗ್ರಿ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ತೂಕವಂತೂ ಸುಳ್ಳು ಹೇಳುವುದೇ ಇಲ್ಲ: ಮೂರು ತಂತಿಯ (ಮೂರು ಕೋರಿನ) ನಾಲ್ಕು ಎಂಎಂ ಕೇಬಲ್ಲಿನ ಒಂದು ಮೀಟರಿನಲ್ಲಿ ತಾಮ್ರವೇ ನೂರು ಗ್ರಾಮಿಗಿಂತ ಹೆಚ್ಚು ಇರಬೇಕು, ಸಿಸಿಎ ಅದರ ಅರ್ಧವೂ ತೂಗುವುದಿಲ್ಲ. ಕೇಬಲ್ಲಿನ ಮೇಲೆ ಐಎಸ್ 694 (ಇಂಥ ಕೇಬಲ್ಲಿನ ಭಾರತೀಯ ಮಾನಕ) ಎಂದೂ ಐಎಸ್‌ಐ ಗುರುತಿನೊಂದಿಗೆ ಸಿಎಂ/ಎಲ್ ಸಂಖ್ಯೆಯೂ ಅಚ್ಚಾಗಿರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬಿಲ್ಲಿನಲ್ಲಿ “ತಾಮ್ರ” ಎಂಬ ಪದವನ್ನೂ ಎಂಎಂ ಅಳತೆಯನ್ನೂ ಬರೆಸಿಕೊಳ್ಳದೆ ಹಣ ಕೊಡಬಾರದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ, ದೂರು ಕೊಡಲು ಎರಡು ವರ್ಷಗಳ ಅವಕಾಶವೂ ಇದೆ; ಆದರೆ ನನ್ನ ಬಳಿ ಇದ್ದ ಬಿಳಿ ಚೀಟಿಯಲ್ಲಿ ಅಂಗಡಿಯ ಹೆಸರೂ ಇರಲಿಲ್ಲ.

ಮೋಟಾರಿನ ತಂತಿಗೂ ಕೇಬಲ್ಲಿಗೂ ಹಾಕುವ ಜಾಯಿಂಟನ್ನು ನಿಂತು ನೋಡುವುದು ಒಳ್ಳೆಯದು. ಬರೀ ತಿರುಚಿ ಟೇಪು ಸುತ್ತಿದರೆ ಸಾಲದು, ತಾಮ್ರದ ಕೊಳವೆ ಹಾಕಿ ಒತ್ತಿಸಬೇಕು. ನನ್ನ ಎರಡನೆಯ ಸುಡುವಿಕೆಯಲ್ಲಿ ಜಾಯಿಂಟೂ ಕರಗಿತ್ತು, ಏಕೆಂದರೆ ಗಾಳಿ ನೀರು ತಗುಲಿದ ಅಲ್ಯೂಮಿನಿಯಂ ಮೇಲೆ ಕಟ್ಟುವ ಪೊರೆ ವಿದ್ಯುತ್ತನ್ನು ತಡೆಯುತ್ತದೆ.

ಹೆಚ್ಚು ಹಣ ಕೊಡಿ ಎಂದು ನಾನು ಹೇಳುವುದನ್ನೇ ನೆಪ ಮಾಡಿಕೊಂಡು ಅಂಗಡಿಯವರು ಹತ್ತು ಎಚ್‌ಪಿ ಮೋಟಾರನ್ನು ಕಟ್ಟಲು ಬಂದರೆ ಒಪ್ಪಬೇಡಿ. ಬೋರಿನಲ್ಲಿರುವ ನೀರಿಗಿಂತ ದೊಡ್ಡ ಪಂಪು ಇಳಿಸಿದರೆ ಅದು ಅರ್ಧ ಗಂಟೆಯಲ್ಲಿ ನೀರನ್ನು ಹೀರಿ ಮುಗಿಸಿ, ನೀರಿಲ್ಲದೆ ಬರಿದೇ ಓಡುತ್ತದೆ, ಅದೂ ಸುಡುವ ದಾರಿಯೇ. ಹೊಳೆಯುವ ಸ್ಟೀಲಿನ ಪೆಟ್ಟಿಗೆ, ಬಣ್ಣದ ದೀಪಗಳ ಡಿಸ್‌ಪ್ಲೇ ಇವಕ್ಕೆ ಕೊಡುವ ಹಣವೂ ಅನಗತ್ಯವೆಂದೇ ನನ್ನ ಅಭಿಪ್ರಾಯ. ನಿಮ್ಮ ಲೈನಿನ ವೋಲ್ಟೇಜನ್ನು ಎಲ್ಲರ ಮೋಟಾರು ಓಡುತ್ತಿರುವ ಹೊತ್ತಿನಲ್ಲಿ ಅಳೆಸಿ, ಕೇಬಲ್ಲಿನ ಉದ್ದವನ್ನು ಹಿಡಿದು, ಎಷ್ಟು ಎಂಎಂ ಬೇಕೆಂದು ಮೊದಲು ಲೆಕ್ಕ ಹಾಕಿಸಿ. ಕಡಿಮೆ ವೋಲ್ಟೇಜಿಗೆಂದೇ ಸುತ್ತಿದ ಮೋಟಾರುಗಳೂ ಸಿಗುತ್ತವೆ, ಕೇಳಿ ನೋಡಿ.

ತೆಗೆದ ಹಳೆಯ ಕೇಬಲ್ಲು ಒಂದು ವರ್ಷ ಪಂಪ್‌ಹೌಸಿನ ಮೂಲೆಯಲ್ಲಿ ಬಿದ್ದಿತ್ತು. ಕಳೆದ ಸಲ ಗುಜರಿಯವನು ಬಂದಾಗ ಅದನ್ನು ಮುಂದಿಟ್ಟೆ. ಅವನು ತುದಿಯನ್ನು ಚಾಕುವಿನಿಂದ ಒಮ್ಮೆ ಗೀರಿ, ನನ್ನ ಮುಖ ನೋಡಿ, ತಾಮ್ರವಾಗಿದ್ದರೆ ಹನ್ನೆರಡು ಸಾವಿರಕ್ಕೆ ಮೋಸವಿರಲಿಲ್ಲ ಎಂದ. ಪ್ಲಾಸ್ಟಿಕ್ ಸುಲಿದು ತೂಗಿದಾಗ ಎಂಟು ಕಿಲೋ ಕೂಡ ಬರಲಿಲ್ಲ. ಅಲ್ಯೂಮಿನಿಯಂ ದರದಲ್ಲಿ 950 ರೂಪಾಯಿ ಎಣಿಸಿ ಕೊಟ್ಟು ಹೋದ.