ಒಂಬತ್ತು ವರ್ಷದ ಕರಿಯ ನಮ್ಮನೆಗೆ ಬಂದದ್ದು

ಮಡಿಕೇರಿ ಕಡೆಯ ಒಂದು ನಾಯಿ ಆಶ್ರಯತಾಣದಿಂದ ಕಳೆದ ಜೂನ್‌ನಲ್ಲಿ ಕರಿಯನನ್ನು ತಂದೆವು. ವಯಸ್ಸು 9. ತೋಟ ಮಾರಿ ಊರು ಬಿಟ್ಟವರ ನಾಯಿಯಂತೆ. ಈ ವಯಸ್ಸಲ್ಲಿ ಹೆಸರು ಬದಲಾಯಿಸೋದು ಬೇಡ ಅಂತ ಹಾಗೇ ಬಿಟ್ಟೆವು.

ಅಲ್ಲಿನವರು ಒಳ್ಳೆಯ ಜನ. ದುಡ್ಡು ಕೇಳಲಿಲ್ಲ, ರೇಬೀಸ್ ಲಸಿಕೆಯ ಕಾರ್ಡ್ ಕೊಟ್ಟರು. "ಮರಿ ಬೇಡ್ವಾ?" ಅಂತ ಎರಡು ಸಲ ಕೇಳಿದರು. ಮರಿ ಸಾಕಿ ನಾಲ್ಕು ಜೊತೆ ಚಪ್ಪಲಿ ಕಳಕೊಂಡವರು ನಾವು, ಬೇಡವೇ ಬೇಡ.

ಬೇಜಾರು ಒಂದೇ. ಹಲ್ಲಿನ ವಿಷಯ ಹೇಳಲೇ ಇಲ್ಲ. ಮೂರನೇ ದಿನ ಅನ್ನ ಮುಟ್ಟಲಿಲ್ಲ. ಹೊಸ ಜಾಗ ಅಲ್ವಾ ಅಂತ ಸುಮ್ನಿದ್ದೆವು. ಬಾಯಿ ಬಿಡಿಸಿ ನೋಡಿದರೆ ಒಸಡೆಲ್ಲ ಕೆಂಪು, ಎರಡು ದವಡೆ ಹಲ್ಲು ಅಲ್ಲಾಡುತ್ತಿದ್ದವು. ಡಾಕ್ಟರು ಕಿತ್ತರು. ವಯಸ್ಸಾದ ನಾಯಿ ತರುವವರು ಮೊದಲು ಬಾಯಿ ನೋಡಿ, ಆಮೇಲೆ ನಡೆಸಿ ನೋಡಿ.

ಈಗ ಕಿವುಚಿದ ಅನ್ನ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ. ಈರುಳ್ಳಿ, ಕಾಫಿ ಎರಡೂ ನಾಯಿಗೆ ವಿಷ. ಆದರೂ ಅತ್ತೆ ಕದ್ದು ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಕೊಡ್ತಾರೆ, ಕೇಳಿದರೆ "ನಾನೆಲ್ಲಿ ಕೊಟ್ಟೆ" ಅಂತಾರೆ. ಮಳೆಗಾಲದಲ್ಲಿ ತೋಟ ಸುತ್ತಿ ಬಂದ ಮೇಲೆ ಬೆರಳ ಸಂದಿಯ ಜಿಗಣೆ ತೆಗೆಯೋದು ನನ್ನ ಕೆಲಸ. ಕಾಲು ಚಾಚಿ ತಾಳ್ಮೆಯಿಂದ ಕೂರ್ತಾನೆ. ರಾತ್ರಿ ಒಲೆ ಪಕ್ಕ ಕಾಫಿ ಚೀಲದ ಮೇಲೆ ನಿದ್ದೆ.

ಜೀಪಿನ ಸದ್ದು ಕೇಳಿದರೆ ಮಾತ್ರ ಈಗಲೂ ಎದ್ದು ಗೇಟಿನವರೆಗೆ ಹೋಗ್ತಾನೆ. ನೋಡ್ತಾನೆ. ವಾಪಸ್ ಬಂದು ಅತ್ತೆಯ ಕಾಲ ಹತ್ತಿರ ಮಲಗ್ತಾನೆ.