ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ಮನೆಗೆ ತರಬೇಡಿ

ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೂ ಮಕ್ಕಳ ಹಟಕ್ಕೆ ಮೀನು ಸಾಕಲು ಹೊರಟಿದ್ದರೆ, ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. "ಫುಲ್ ಸೆಟ್" ಅಂತ ಕೊಡ್ತಾರಲ್ಲ, ಗಾಜಿನ ತೊಟ್ಟಿ, ಕಲ್ಲು, ಪ್ಲಾಸ್ಟಿಕ್ ಗಿಡ, ನೀರು ಸೋಸೋ ಸ್ಪಾಂಜ್ ಇರೋ ಪಂಪು, ಜೊತೆಗೆ ಕವರಿನಲ್ಲಿ ಕಟ್ಟಿದ ಮೀನು, ಎಲ್ಲ ಒಂದೇ ಬಿಲ್ಲಿಗೆ, ಅದನ್ನು ಮಾತ್ರ ತಗೋಬೇಡಿ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಮಗೂ ಅದನ್ನೇ ಕೊಟ್ಟರು. ಮೀನು ಕೆಂಪು ಪ್ಲಾಟಿ. ಹೊಸ ತೊಟ್ಟಿಗೆ ಇವತ್ತೇ ಬಿಡಬಹುದಾ ಅಂತ ಕೇಳಿಯೇ ತಂದಿದ್ದು. "ಏನೂ ಆಗಂಗಿಲ್ರೀ ಸರ, ಇದರದು ನಾಕು ಹನಿ ಹಾಕ್ರಿ, ಸಾಕು" ಅಂತ ನೀಲಿ ಔಷಧಿಯ ಬಾಟಲಿ ಕೈಗಿಟ್ಟರು. ಮೊದಲು ಚೆನ್ನಾಗೇ ಓಡಾಡಿಕೊಂಡಿದ್ದವು. ಆಮೇಲೆ ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಬೆನ್ನಿನ ರೆಕ್ಕೆ ಮಡಚಿ ಮೈಗೆ ಅಂಟಿತ್ತು, ಕಿವಿರು ಕೆಂಪಗಾಗಿತ್ತು. ಫೋನ್ ಮಾಡಿದರೆ "ಇನ್ನಷ್ಟು ಹನಿ ಹಾಕ್ರಿ, ನೀರು ಪೂರಾ ಬದಲ ಮಾಡ್ರಿ, ಸ್ಪಾಂಜ್ ನಳದಾಗ ತಿಕ್ಕಿ ತೊಳೀರಿ" ಅಂದರು. ವಾರದೊಳಗೆ ತೊಟ್ಟಿ ಖಾಲಿ. ಮತ್ತೆ ಹೋಗಿ ಕೇಳಿದರೆ "ಆ ಲಾಟ್ ವೀಕ್ ಇತ್ರೀ" ಅಂತ ಬೇರೆ ಮೀನು ತೋರಿಸಿದರು!

ಲಾಟ್‌ದು ಏನೂ ತಪ್ಪಿರಲಿಲ್ಲ. ಮೀನಿನ ಹೇಲು ಮತ್ತು ತಿನ್ನದೆ ಉಳಿದ ಕಾಳಿನಿಂದ ನೀರಲ್ಲಿ ಅಮೋನಿಯಾ ಅನ್ನೋ ವಿಷ ಆಗುತ್ತೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಸ್ಪಾಂಜು ಮತ್ತು ಕಲ್ಲುಗಳಲ್ಲಿ ಬೆಳೆಯಬೇಕು. ಹೊಸ ತೊಟ್ಟಿಯಲ್ಲಿ ಅವು ನೆಲೆಯಾಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈಗ ಅಂಗಡಿಯವರ ಮಾತು ನೋಡಿ. ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಬೂಷ್ಟಿನಂಥ ರೋಗಕ್ಕೆ ಬೇರೆ ಪಾತ್ರೆಯಲ್ಲಿ ಹಾಕೋ ಔಷಧಿ ಅದು, ತೊಟ್ಟಿಗೆ ಸುರಿದರೆ ಈ ಬ್ಯಾಕ್ಟೀರಿಯಾನೂ ಸಾಯುತ್ತೆ. ನಳದ ನೀರಿನ ಕ್ಲೋರಿನ್ನೂ ಅದನ್ನೇ ಮಾಡುತ್ತೆ. ಅಂದರೆ ಅವರು ಹೇಳಿದ ಪ್ರತಿಯೊಂದು ಉಪಾಯವೂ ಮೀನನ್ನು ಬದುಕಿಸೋ ಬ್ಯಾಕ್ಟೀರಿಯಾವನ್ನೇ ಕೊಲ್ಲುವಂಥದ್ದು.

ನಮ್ಮ ನೀರಿನ ವಿಷಯಾನೂ ಸ್ವಲ್ಪ ಹೇಳಬೇಕು. ಅವಳಿ ನಗರಕ್ಕೆ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭಾ ನೀರು ಬರುತ್ತೆ. ಎಷ್ಟೋ ಓಣಿಗಳಲ್ಲಿ ಅದು ಬರೋದೇ ಕೆಲವು ದಿನಕ್ಕೊಮ್ಮೆ, ಬಂದಾಗ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಿ, ಇಲ್ಲಾಂದ್ರೆ ಆ್ಯಂಟಿ-ಕ್ಲೋರಿನ್ ಹಾಕಿ. ಲವಣ ತೆಗೆದ ಆರ್‌ಓ ನೀರು ಒಳ್ಳೇದು ಅಂತ ಹೇಳೋರನ್ನು ನಂಬಬೇಡಿ. ಪ್ಲಾಟಿ ಮೆಕ್ಸಿಕೊ, ಮಧ್ಯ ಅಮೆರಿಕದ ಮೀನು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7ರಿಂದ 8ರವರೆಗಿನ ಗಡಸು ನೀರೇ ಅದಕ್ಕೆ ಹಿತ, ಹಾಗಾಗಿ ಬಕೆಟ್ಟಿಗೆ ಬಿಳಿ ಕಲೆ ಕಟ್ಟಿಸೋ ಗದಗ ಕಡೆಯ ಬೋರ್ ನೀರಿಗೂ ಒಗ್ಗಿಕೊಳ್ಳುತ್ತೆ. ಆದರೆ ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾದ ವಿಷವೂ ಜಾಸ್ತಿ, ಇದು ನೆನಪಿರಲಿ.

ತೊಟ್ಟಿ ಮೊದಲು ತನ್ನಿ, 40 ಲೀಟರಿಗೆ ಕಡಿಮೆ ಬೇಡ. ಸ್ಪಾಂಜ್ ಫಿಲ್ಟರ್ ಹಾಕಿ, ದಿನಾ ಚಿಟಿಕೆ ಕಾಳು ಉದುರಿಸಿ ಮೀನಿಲ್ಲದೆ ಓಡಿಸಿ. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿರೋ ಹಳೇ ತೊಟ್ಟಿ ಇದ್ದರೆ ಅದರ ಸ್ಪಾಂಜ್ ಕೇಳಿ ತಂದು ಹಾಕಿ, ಕೆಲಸ ಬೇಗ ಆಗುತ್ತೆ. ಹನಿ ಹಾಕಿ ನೋಡೋ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದ ಮೇಲೇ ಮೀನು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು, ಸ್ಪಾಂಜನ್ನು ಆ ತೆಗೆದ ನೀರಲ್ಲೇ ಹಿಂಡಿ.

ಇನ್ನೊಂದು, "ಜೋಡಿ" ಅಂತ ಒಂದು ಗಂಡು ಒಂದು ಹೆಣ್ಣು ಕಟ್ಟಿಕೊಡ್ತಾರೆ. ಗಂಡು ಬೆನ್ನಟ್ಟಿ ಬೆನ್ನಟ್ಟಿ ಹೆಣ್ಣನ್ನು ಸುಸ್ತು ಮಾಡುತ್ತೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇರಬೇಕು. ಹೊಟ್ಟೆಯ ಕೆಳಗಿನ ಹಿಂದಿನ ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದರೆ ಗಂಡು, ಬೀಸಣಿಗೆಯಂತೆ ಅಗಲವಾಗಿದ್ದರೆ ಹೆಣ್ಣು. ಬರೀ ಹೆಣ್ಣು ತಂದರೆ ಮರಿ ಆಗಲ್ಲ ಅನ್ನೋದೂ ಸುಳ್ಳು, ಅಂಗಡಿಯಲ್ಲೇ ಬಸಿರಾಗಿರ್ತವೆ, ಮತ್ತೆ ಗಂಡಿಲ್ಲದೆಯೂ ತಿಂಗಳಿಗೊಮ್ಮೆಯಂತೆ ಹಲವು ಸಲ ಮರಿ ಹಾಕಬಲ್ಲವು. ಜಾಸ್ತಿ ಆದವು ಅಂತ ಉಣಕಲ್ ಕೆರೆಗೆ ಬಿಟ್ಟು ಬರಬೇಡಿ, ಹೊರಗಿನ ಮೀನು ಅದು. ಯಾರಿಗೆ ಕೊಡ್ತೀರಿ ಅನ್ನೋದನ್ನು ತರೋಕೆ ಮುಂಚೆಯೇ ಯೋಚಿಸಿ.